ಹೊಸ ಸಾಲಿಡ್ ಆಕ್ಸಲ್ ಗಾಡಿಯ ಸ್ಟೇರಿಂಗ್ ತೊಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ತಂದು ತಿಂಗಳಾಗಿಲ್ಲ, ಸ್ಟೇರಿಂಗ್ ಯಾಕೋ ಸಡಿಲ ಅನಿಸುತ್ತಿದೆ. ಹೈವೇಯಲ್ಲಿ ಗಾಡಿ ನೇರ ನಿಲ್ಲುತ್ತಿಲ್ಲ. ಒಂದು ಸಲ ಸೇತುವೆ ಮೇಲೆ ಮುಂದಿನ ಚಕ್ರ ಎಂಥಾ ಅಲ್ಲಾಡಿತು ಅಂದರೆ ಜೀವ ಬಾಯಿಗೆ ಬಂತು. ಜಿಮ್ನಿ ಮತ್ತು ರಾಂಗ್ಲರ್ ಓಡಿಸುವವರಿಂದ ನಾನು ಕೇಳುವ ಮಾತುಗಳು ಇವು. ಹಲವು ವರ್ಷ ಇಂಥ ಗಾಡಿಗಳ ಕೆಳಗೆ ಮಲಗಿ ನೋಡಿದವನು ನಾನು. ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಸಾಲಿಡ್ ಆಕ್ಸಲ್ ಅಂದರೆ ಏನು? ನನ್ನ ಗಾಡಿಯಲ್ಲಿ ಇದೆಯಾ?

ಮುಂದಿನ ಎರಡೂ ಚಕ್ರಗಳನ್ನು ಒಂದೇ ಕಬ್ಬಿಣದ ಹೌಸಿಂಗ್ ಸೇರಿಸಿದ್ದರೆ ಅದು ಸಾಲಿಡ್ ಆಕ್ಸಲ್. ತಕ್ಕಡಿ ದಂಡಿಗೆಯ ಹಾಗೆ. ಒಂದು ಕಡೆ ಮೇಲೆದ್ದರೆ ಇನ್ನೊಂದು ಕಡೆ ಕೆಳಗೆ ಒತ್ತುತ್ತದೆ. ಬಂಡೆ, ಗುಂಡಿ, ಕೊರಕಲಿನಲ್ಲಿ ಚಕ್ರ ನೆಲ ಬಿಡದೆ ಇರುವುದು ಇದರಿಂದಲೇ. ಕಾರುಗಳಲ್ಲಿ ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇರುತ್ತದೆ, ಒಂದರ ಪೆಟ್ಟು ಇನ್ನೊಂದಕ್ಕೆ ಹೋಗುವುದಿಲ್ಲ.

ಭಾರತದಲ್ಲಿ ಹೊಸದಾಗಿ ಬಂದವುಗಳಲ್ಲಿ ಸುಜುಕಿ ಜಿಮ್ನಿ ಮತ್ತು ಜೀಪ್ ರಾಂಗ್ಲರ್‌ಗೆ ಮುಂದೆಯೂ ಸಾಲಿಡ್ ಆಕ್ಸಲ್ ಇದೆ. ಹೊರದೇಶದಲ್ಲಿ ಜೀಪ್ ಗ್ಲಾಡಿಯೇಟರ್, ಟೊಯೋಟಾ ಲ್ಯಾಂಡ್ ಕ್ರೂಸರ್ 70, ಇನಿಯೋಸ್ ಗ್ರೆನೇಡಿಯರ್ ಕೂಡ ಇದೇ ಜಾತಿ. ಈಗಿನ ಮಹೀಂದ್ರ ಥಾರ್ ಮತ್ತು ಫೋರ್ಸ್ ಗೂರ್ಖಾಗೆ ಹಿಂದೆ ಮಾತ್ರ ಸಾಲಿಡ್ ಆಕ್ಸಲ್ ಇದೆ, ಹಾಗಾಗಿ ಈ ಪುಟದ ಅರ್ಧಕ್ಕರ್ಧ ಅವುಗಳಿಗೆ ಹೊಂದುವುದಿಲ್ಲ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆ ತೋಟಗಳಲ್ಲಿ ಇನ್ನೂ ಓಡುವ ಪಟ್ಟಾ ಸ್ಪ್ರಿಂಗಿನ ಹಳೆ ಜೀಪುಗಳಿಗೂ ಇದರಲ್ಲಿ ಬಹಳಷ್ಟು ಹೊಂದುತ್ತದೆ.

ಕಾರಿನಿಂದ ಇದಕ್ಕೆ ಬಂದೆ. ಸ್ಟೇರಿಂಗ್ ನಡುವಿನಲ್ಲಿ ಸ್ವಲ್ಪ ಖಾಲಿ ಖಾಲಿ ಅನಿಸುತ್ತದೆ. ದೋಷವಾ?

ಬಹಳ ಸಲ ಅಲ್ಲ. ಕಾರಿನಲ್ಲಿ ರ‍್ಯಾಕ್ ಮತ್ತು ಪಿನಿಯನ್ (ಹಲ್ಲಿನ ಪಟ್ಟಿ, ಅದನ್ನು ಸರಿಸುವ ಹಲ್ಲಿನ ಚಕ್ರ) ಇರುತ್ತದೆ, ಚಕ್ರಕ್ಕೂ ಸ್ಟೇರಿಂಗಿಗೂ ದಾರಿ ಹತ್ತಿರ. ಇಲ್ಲಿ ಹಾಗಲ್ಲ. ಚಾಸಿಗೆ ಒಂದು ಸ್ಟೇರಿಂಗ್ ಬಾಕ್ಸ್ ಇರುತ್ತದೆ, ಅದರೊಳಗೆ ಗುಂಡುಗಳ ಮೇಲೆ ಓಡುವ ಸ್ಕ್ರೂ. ಅದರಿಂದ ಡ್ರಾಪ್ ಆರ್ಮ್ ಅನ್ನುವ ತೋಳು, ಅಲ್ಲಿಂದ ಡ್ರ್ಯಾಗ್ ಲಿಂಕ್ ಅನ್ನುವ ಕಂಬಿ, ಆಮೇಲೆ ಒಂದು ಚಕ್ರ, ಅಲ್ಲಿಂದ ಟೈ ರಾಡ್ ಮೂಲಕ ಇನ್ನೊಂದು ಚಕ್ರ. ಇಷ್ಟು ಕೊಂಡಿ ದಾಟಿ ಬರುವಾಗ ಕೈಗೆ ಸಿಗುವ ಅನುಭವ ಸ್ವಲ್ಪ ಮಂದ. ಎರಡು ವಾರ ಓಡಿಸಿದರೆ ಕೈಗೆ ಅಭ್ಯಾಸವಾಗುತ್ತದೆ.

ಆದರೆ ಅಭ್ಯಾಸಕ್ಕೂ ಒಂದು ಮಿತಿ ಇದೆ. ಗಾಳಿಯಿಲ್ಲದ ದಿನ, ಸಮತಟ್ಟಾದ ನೇರ ರಸ್ತೆ, ಗಂಟೆಗೆ 60 ಕಿಲೋಮೀಟರ್. ಆಗಲೂ ನೀವು ಎಡಕ್ಕೆ ಬಲಕ್ಕೆ ಸ್ಟೇರಿಂಗ್ ತಿದ್ದುತ್ತಲೇ ಇರಬೇಕು ಅಂದರೆ ಅದು ಸಹಜ ಅಲ್ಲ. ಸ್ಟೇರಿಂಗ್ ತಿರುಗಿಸಿದಾಗ ಟಕ್ ಅಂತ ಸದ್ದು ಬಂದರೆ, ಮೊದಲ ವಾರಕ್ಕಿಂತ ನಾಲ್ಕನೇ ವಾರ ಸಡಿಲ ಜಾಸ್ತಿಯಾಗಿದ್ದರೆ ಅದೂ ಸಹಜ ಅಲ್ಲ.

ಹೊಸ ಗಾಡಿಯಲ್ಲಿ ಮೊದಲು ಏನು ನೋಡಬೇಕು?

ಟೈರಿನ ಗಾಳಿ. ಸುಮ್ನೆ ಹೇಳುತ್ತಿಲ್ಲ. ಷೋರೂಮಿನಿಂದ ಬಂದ ಗಾಡಿಯಲ್ಲಿ ಗಾಳಿ ಜಾಸ್ತಿ ತುಂಬಿರುವುದು ಸಾಮಾನ್ಯ. ಗಾಳಿ ಜಾಸ್ತಿಯಾದರೆ ದಪ್ಪ ಟೈರು ರಸ್ತೆಯ ಪ್ರತಿ ಗೀರಿಗೂ ಪಕ್ಕಕ್ಕೆ ಜಾರುತ್ತದೆ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ. ಬೆಳಿಗ್ಗೆ, ಗಾಡಿ ಓಡಿಸುವ ಮುಂಚೆ ನೋಡಿ. ಪಂಪಿನ ಮೀಟರಿಗಿಂತ ನಿಮ್ಮದೇ ಒಂದು ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು.

ಗಾಳಿ ಸರಿಯಿದ್ದರೆ ವೀಲ್ ಬ್ಯಾಲೆನ್ಸಿಂಗ್. ಆಮೇಲೆ ಅಲೈನ್‌ಮೆಂಟ್. ಇವು ಮೂರೂ ಸರಿಯಿದ್ದ ಮೇಲೆ ಮಾತ್ರ ಕೆಳಗೆ ಮಲಗಿ.

ರಾಂಗ್ಲರ್‌ನಲ್ಲಿ ಈ ತೊಂದರೆ ಕಂಪನಿಯೇ ಒಪ್ಪಿಕೊಂಡಿದೆ ಅಂತಾರೆ. ನಿಜವಾ?

ಒಂದೊಂದಾಗಿ ನೋಡೋಣ. 2018ರಲ್ಲಿ ಜೆಎಲ್ ಅನ್ನುವ ಹೊಸ ತಲೆಮಾರಿನ ರಾಂಗ್ಲರ್ ಅಮೆರಿಕದಲ್ಲಿ ಬಂತು. ಮೊದಲ ವರ್ಷವೇ ಸುಮಾರು 18,000 ಗಾಡಿಗಳನ್ನು ವಾಪಸ್ ಕರೆದರು. ಮುಂದಿನ ಟ್ರ್ಯಾಕ್ ಬಾರ್ ಚಾಸಿಗೆ ಸೇರುವ ಬ್ರ್ಯಾಕೆಟ್ಟಿನ ವೆಲ್ಡಿಂಗ್ ಸರಿಯಿರಲಿಲ್ಲ, ಕಿತ್ತು ಬರುವ ಅಪಾಯ ಇತ್ತು. ಟ್ರ್ಯಾಕ್ ಬಾರ್ ಅಂದರೆ ಆಕ್ಸಲ್ ಎಡಬಲ ಸರಿಯದಂತೆ ಹಿಡಿದಿಡುವ ಕಂಬಿ. ಅದು ಕಿತ್ತರೆ ಸ್ಟೇರಿಂಗ್ ಒಂದು ಕಡೆ, ಆಕ್ಸಲ್ ಒಂದು ಕಡೆ.

ಎರಡನೆಯದು ಅಲುಗಾಟ. ಮುಂದಿನ ಚಕ್ರ ಹೊಡೆದುಕೊಳ್ಳುತ್ತದೆ ಅಂತ ದೂರು ಬಂದು, 2019ರಲ್ಲಿ ಕಂಪನಿ ಹೊಸ ವಿನ್ಯಾಸದ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿಗೆ ಬರುವ ಪೆಟ್ಟು ತಗ್ಗಿಸುವ ಶಾಕ್ ಅಬ್ಸಾರ್ಬರ್) ಅನ್ನು ಉಚಿತವಾಗಿ ಹಾಕಿಕೊಟ್ಟಿತು. ಮಾಲೀಕರು ಒಟ್ಟಾಗಿ ಕೋರ್ಟಿಗೆ ಹೋದರು. ಕೊನೆಗೆ ರಾಜಿಯಾಗಿ 2018ರಿಂದ 2020ರವರೆಗಿನ ರಾಂಗ್ಲರ್ ಮತ್ತು 2020ರ ಗ್ಲಾಡಿಯೇಟರ್‌ಗಳ ಡ್ಯಾಂಪರಿಗೆ 8 ವರ್ಷ ಅಥವಾ 90,000 ಮೈಲಿ ವಾರಂಟಿ ಸಿಕ್ಕಿತು. ಸುಮಾರು 1,45,000 ಕಿಲೋಮೀಟರ್ ಅಂದುಕೊಳ್ಳಿ.

ಮೂರನೆಯದು ಸಡಿಲ ಸ್ಟೇರಿಂಗ್. ಜೆಎಲ್‌ಗೆ ತೂಕ ಕಡಿಮೆ ಮಾಡಲು ಅಲ್ಯೂಮಿನಿಯಂ ಸ್ಟೇರಿಂಗ್ ಬಾಕ್ಸ್ ಹಾಕಿದ್ದರು. ಚಳಿ ಜಾಸ್ತಿ ಇರುವ ಊರುಗಳಲ್ಲಿ ಅದು ಮತ್ತೂ ಸಡಿಲ ಅನಿಸುತ್ತಿತ್ತು. ಆಮೇಲೆ ದೂರು ಕೊಟ್ಟವರಿಗೆ ಕಬ್ಬಿಣದ ಬಾಕ್ಸ್ ಹಾಕಿಕೊಟ್ಟರು. ಹಾಕಿಸಿಕೊಂಡ ಹಲವರು ಬೇರೆಯೇ ಗಾಡಿ ಆಯಿತು ಅಂದರು.

ಸೆಕೆಂಡ್ ಹ್ಯಾಂಡ್ ಜೆಎಲ್ ಕೊಳ್ಳುವವರು ಈ ಮೂರು ಕೆಲಸ ಆಗಿದೆಯಾ ಅಂತ ಚಾಸಿ ನಂಬರ್ ಕೊಟ್ಟು ಡೀಲರ್ ಹತ್ತಿರ ಬರಹದಲ್ಲಿ ಕೇಳಿ.

ಡೆತ್ ವಾಬಲ್ ಅಂತಾರಲ್ಲ, ಅದು ನಿಜಕ್ಕೂ ಏನು?

ಮುಂದಿನ ಎರಡೂ ಚಕ್ರ ಒಟ್ಟಿಗೆ ಎಡಕ್ಕೆ ಬಲಕ್ಕೆ ಜೋರಾಗಿ ಹೊಡೆದುಕೊಳ್ಳುವುದು. ಸಣ್ಣ ವೈಬ್ರೇಷನ್ ಬೇರೆ, ಇದು ಬೇರೆ. ಇದು ಬಂದರೆ ಯಾರಿಗೂ ಅನುಮಾನ ಇರುವುದಿಲ್ಲ.

ನನಗೆ ಒಂದು ಸಲ ಆಗಿದೆ. ಹಾಸನ ದಾಟಿ ಸಕಲೇಶಪುರದ ಕಡೆ ಹೋಗುತ್ತಿದ್ದೆ, 80ರ ಆಸುಪಾಸು. ಒಂದು ಸೇತುವೆಯ ಸಂದಿನ ಮೇಲೆ ಎಡಗಡೆ ಚಕ್ರ ಹಾರಿತು. ಮರುಕ್ಷಣ ಸ್ಟೇರಿಂಗ್ ನನ್ನ ಕೈಯಲ್ಲಿ ಇರಲಿಲ್ಲ. ಡ್ಯಾಷ್‌ಬೋರ್ಡ್ ಎರಡೆರಡಾಗಿ ಕಾಣುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಟೈರ್ ಬಿಚ್ಚಿಕೊಂಡಿತು ಅಂದುಕೊಂಡಳು. ಕಾಲು ತೆಗೆದೆ, ವೇಗ 40ಕ್ಕೆ ಇಳಿಯುತ್ತಿದ್ದಂತೆ ತಾನೇ ನಿಂತಿತು. ಪಕ್ಕಕ್ಕೆ ಹಾಕಿ ಇಳಿದಾಗ ಕಾಲು ನಡುಗುತ್ತಿತ್ತು. ಕಾರಣ ಏನೆಂದು ಮುಂದೆ ಹೇಳುತ್ತೇನೆ.

ಒಳಗೆ ಆಗುವುದು ಇಷ್ಟು. ಒಂದು ಚಕ್ರ ಪೆಟ್ಟು ತಿಂದು ಮೇಲೇಳುತ್ತದೆ, ಆಕ್ಸಲ್ ಓರೆಯಾಗುತ್ತದೆ. ತಿರುಗುತ್ತಿರುವ ಚಕ್ರವನ್ನು ಓರೆ ಮಾಡಿದರೆ ಅದು ಪಕ್ಕಕ್ಕೆ ತಿರುಗಲು ನೋಡುತ್ತದೆ, ಬುಗುರಿಯನ್ನು ನೋಡಿದವರಿಗೆ ಗೊತ್ತಿರುತ್ತದೆ. ಟೈ ರಾಡ್ ಆ ತಿರುವನ್ನು ಇನ್ನೊಂದು ಚಕ್ರಕ್ಕೂ ಕೊಡುತ್ತದೆ. ಎಲ್ಲ ಕೊಂಡಿ ಬಿಗಿಯಾಗಿದ್ದರೆ ಅಲ್ಲಿಗೇ ಮುಗಿಯಿತು. ಎಲ್ಲೋ ಒಂದು ಕಡೆ ಸಡಿಲ ಇದ್ದರೆ ಆ ಸಂದಿನಲ್ಲಿ ಚಕ್ರ ಓಡಾಡಿ, ಹೋಗಿ ಬಂದು, ಪ್ರತಿ ಸಲವೂ ಬಲ ಹೆಚ್ಚಿಸಿಕೊಳ್ಳುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ.

ಓಡಿಸುವಾಗ ಬಂದರೆ ಏನು ಮಾಡಬೇಕು?

ಆಕ್ಸಿಲರೇಟರ್ ಬಿಡಿ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹೊರಗಿನಿಂದ ಹಿಡಿಯಿರಿ, ಹೆಬ್ಬೆರಳು ಒಳಗೆ ಸಿಕ್ಕಿಸಬೇಡಿ. ಹೊಡೆತಕ್ಕೆ ಬೆರಳು ಉಳುಕುತ್ತದೆ. ಎದುರಾಗಿ ತಿರುಗಿಸಿ ಗೆಲ್ಲಲು ಹೋಗಬೇಡಿ, ನೇರ ಹಿಡಿಯಿರಿ ಸಾಕು. ಬ್ರೇಕನ್ನು ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿದರೆ ಮುಂದಿನ ಆಕ್ಸಲಿಗೆ ಭಾರ ಬಿದ್ದು ಅಲುಗಾಟ ಹೆಚ್ಚಬಹುದು. ಹಿಂದೆ ಲಾರಿ ಇರುತ್ತದೆ, ಹಜಾರ್ಡ್ ಲೈಟ್ ಹಾಕುವುದನ್ನು ಮರೆಯಬೇಡಿ.

ಒಮ್ಮೆ ಬಂದ ಮೇಲೆ ಕಾರಣ ಹುಡುಕದೆ ಹೈವೇಗೆ ಹೋಗಬೇಡಿ. ಒಂದೇ ಸಲದ ಹೊಡೆತಕ್ಕೆ ಬೇರೆ ಬುಷ್ (ಕೊಂಡಿಯ ತುದಿಯ ರಬ್ಬರ್ ಬಳೆ), ಬಾಲ್ ಜಾಯಿಂಟ್ (ಗುಂಡು ಕೂತು ತಿರುಗುವ ಕೀಲು) ಕೂಡ ಹಾಳಾಗಿರಬಹುದು.

ಡ್ಯಾಂಪರ್ ಬದಲಿಸಿದರೆ ಸಾಕಲ್ವಾ?

ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಸ್ಟೇರಿಂಗ್ ಡ್ಯಾಂಪರ್ ಅಂದರೆ ಅಡ್ಡ ಮಲಗಿಸಿದ ಒಂದು ಶಾಕ್ ಅಬ್ಸಾರ್ಬರ್. ಕಲ್ಲಿಗೆ ಬಡಿದಾಗ ಕೈಗೆ ಬರುವ ಪೆಟ್ಟನ್ನು ತಗ್ಗಿಸುವುದು ಅದರ ಕೆಲಸ. ಸಡಿಲವಾದ ಬೋಲ್ಟನ್ನು ಅದು ಬಿಗಿ ಮಾಡುವುದಿಲ್ಲ.

ಹೊಸ ಡ್ಯಾಂಪರ್ ಹಾಕಿದ ದಿನ ಅಲುಗಾಟ ನಿಂತ ಹಾಗೆ ಕಾಣುತ್ತದೆ. ಗ್ಯಾರೇಜಿನವರೂ ಖುಷಿ, ನಾವೂ ಖುಷಿ. ಆರು ತಿಂಗಳಿಗೆ ಡ್ಯಾಂಪರ್ ಸೋತಾಗ ತೊಂದರೆ ವಾಪಸ್ ಬರುತ್ತದೆ, ಅಷ್ಟರಲ್ಲಿ ಬೋಲ್ಟಿನ ತೂತು ಕೂಡ ಅಗಲವಾಗಿರುತ್ತದೆ. ಡ್ಯಾಂಪರಿನಿಂದ ಎಣ್ಣೆ ಸೋರುತ್ತಿದ್ದರೆ ಬದಲಿಸಿ, ಅದು ಸರಿ. ಆದರೆ ಡ್ಯಾಂಪರ್ ಬಿಚ್ಚಿಟ್ಟರೂ ಗಾಡಿ ನೇರ ಓಡಬೇಕು, ಚಕ್ರ ಹೊಡೆದುಕೊಳ್ಳಬಾರದು. ನನ್ನ ಮಟ್ಟಿಗೆ ಆರೋಗ್ಯದ ಗುರುತು ಅದು.

ಸಡಿಲ ಎಲ್ಲಿದೆ ಅಂತ ಮನೆಯಲ್ಲೇ ಹುಡುಕಬಹುದಾ?

ಹುಡುಕಬಹುದು. ಇಬ್ಬರು ಬೇಕು, ಹತ್ತು ನಿಮಿಷ ಸಾಕು. ಸಾವಿರಾರು ರೂಪಾಯಿಯ ಪಾರ್ಟ್ ಬದಲಿಸುವ ಮುಂಚೆ ದಯವಿಟ್ಟು ಇದನ್ನು ಮಾಡಿ.

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಜಾಕ್ ಬೇಡ. ಚಕ್ರದ ಮೇಲೆ ಭಾರ ಇರಲೇಬೇಕು. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಮುಂದೆ ಹಿಂದೆ ಎರಡೂ ಕಡೆ ಕಲ್ಲು ಕೊಡಿ. ಪವರ್ ಸ್ಟೇರಿಂಗ್ ಕೆಲಸ ಮಾಡಲಿ ಅಂತ ಎಂಜಿನ್ ಆನ್ ಇರಲಿ, ಗೇರ್ ನ್ಯೂಟ್ರಲ್ ಅಥವಾ ಪಾರ್ಕ್. ಒಬ್ಬರು ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಗಡಿಯಾರದ 10ರಿಂದ 2ರವರೆಗೆ ಚಕಚಕ ಆಡಿಸಲಿ. ನೀವು ಮುಂದಿನಿಂದ ಕೆಳಗೆ ಮಲಗಿ. ಪಂಚೆ, ಶಾಲು, ಸಡಿಲ ತೋಳಿನ ಅಂಗಿ ಬೇಡ. ಕೈಯನ್ನು ಚಕ್ರಕ್ಕೂ ಆಕ್ಸಲಿಗೂ ನಡುವೆ ತೂರಿಸಬೇಡಿ.

ಈಗ ಮೇಲಿನಿಂದ ಕೆಳಕ್ಕೆ ಬನ್ನಿ. ಸ್ಟೇರಿಂಗ್ ಕಾಲಂ ಬಾಕ್ಸಿಗೆ ಸೇರುವ ಜಾಯಿಂಟ್. ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟುಗಳು. ಡ್ರಾಪ್ ಆರ್ಮ್. ಡ್ರ್ಯಾಗ್ ಲಿಂಕಿನ ಎರಡು ತುದಿ. ಟೈ ರಾಡಿನ ಎರಡು ತುದಿ. ಟ್ರ್ಯಾಕ್ ಬಾರಿನ ಎರಡು ತುದಿ. ಪ್ರತಿ ಜಾಗದಲ್ಲೂ ಬೆರಳನ್ನು ಎರಡು ಭಾಗ ಕೂಡುವ ಗೆರೆಯ ಮೇಲೆ ಇಡಿ. ಕಣ್ಣಿಗೆ ಕಾಣದ ಆಟ ಬೆರಳಿಗೆ ತಿಳಿಯುತ್ತದೆ. ಎರಡೂ ಭಾಗ ಒಟ್ಟಿಗೆ ಸರಿದರೆ ಸರಿ. ಒಂದು ಮೊದಲು ಹೋಗಿ ಇನ್ನೊಂದು ಆಮೇಲೆ ಹಿಂಬಾಲಿಸಿದರೆ ಕಳ್ಳ ಸಿಕ್ಕ.

ಟ್ರ್ಯಾಕ್ ಬಾರ್ ಹತ್ತಿರ ಸ್ವಲ್ಪ ಜಾಸ್ತಿ ಹೊತ್ತು ಇರಿ. ನನ್ನ ಆ ಹಾಸನದ ದಿನದ ಕಾರಣ ಅಲ್ಲೇ ಸಿಕ್ಕಿತು. ಆಕ್ಸಲ್ ಕಡೆಯ ಬೋಲ್ಟಿನ ತಲೆ ಸುತ್ತ ಕುಂಕುಮದ ಹಾಗೆ ಕೆಂಪು ತುಕ್ಕಿನ ಪುಡಿ ಉದುರಿತ್ತು. ವಾಷರ್ ಕೆಳಗೆ ಕಬ್ಬಿಣ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು. ಸ್ಟೇರಿಂಗ್ ಆಡಿಸಿದಾಗ ಬೆರಳಿಗೆ ಟಕ್, ಟಕ್. ಎರಡು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಬುಷ್ ಬದಲಿಸಿದ್ದರು, ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿ ಮಾಡಿದ್ದರು. ಕೆಲಸ ಮುಗಿದ ಮೇಲೆ ನಾನಾದರೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಬೇಕಿತ್ತು.

ಇಲ್ಲೆಲ್ಲೂ ಸಿಗದಿದ್ದರೆ ಈಗ ಜಾಕ್ ಹಾಕಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬಾಲ್ ಜಾಯಿಂಟ್, ಕಿಂಗ್ ಪಿನ್ (ಚಕ್ರ ಎಡಬಲ ತಿರುಗಲು ಆಧಾರವಾದ ಗೂಟ) ಅಥವಾ ವೀಲ್ ಬೇರಿಂಗ್. ಎಡ ಬಲ ಹಿಡಿದಾಗ ಮಾತ್ರ ಆಟ ಬಂದರೆ ಟೈ ರಾಡ್ ಎಂಡ್ ನೋಡಿ.

ಬೋಲ್ಟ್ ಬಿಗಿ ಮಾಡುವುದರಲ್ಲಿ ಅಂಥದ್ದೇನಿದೆ?

ಎರಡು ವಿಷಯ. ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿಯಾಯಿತು ಅಂತ ತೋರಿಸುವ ಸ್ಪ್ಯಾನರ್) ಬೇಕು, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ ಅಳತೆಗೇ ಬಿಗಿ ಆಗಬೇಕು. ಎರಡನೆಯದು ಹೆಚ್ಚಿನವರು ತಪ್ಪುವುದು. ರಬ್ಬರ್ ಬುಷ್ ಇರುವ ಬೋಲ್ಟುಗಳ ಕೊನೆಯ ಬಿಗಿ, ಗಾಡಿ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಆಗಬೇಕು. ಲಿಫ್ಟಿನಲ್ಲಿ ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ.

ಜಿಮ್ನಿಗೆ ಬೇರೆ ಏನಾದರೂ ವಿಶೇಷ ಇದೆಯಾ?

ಜಿಮ್ನಿಯಲ್ಲಿ ಬಾಲ್ ಜಾಯಿಂಟ್ ಬದಲು ಮೇಲೊಂದು ಕೆಳಗೊಂದು ಕಿಂಗ್ ಪಿನ್ ಇದೆ, ಅವುಗಳಿಗೆ ಪುಟ್ಟ ಬೇರಿಂಗ್. ಬೇರಿಂಗ್ ಸ್ವಲ್ಪ ಸವೆದು ಬಿಗಿ ತಪ್ಪಿದರೆ 60ರಿಂದ 80ರ ನಡುವೆ ಸ್ಟೇರಿಂಗ್ ನಡುಗಲು ಶುರು. ಹಳೆಯ ಜಿಮ್ನಿಗಳ ಕಾಲದಿಂದ ಗೊತ್ತಿರುವ ಕಾಯಿಲೆ ಇದು. 2018ರಲ್ಲಿ ಬಂದ ಮಾದರಿಗೆ ಸ್ಟೇರಿಂಗ್ ಡ್ಯಾಂಪರ್ ಸೇರಿಸಿದ್ದಾರೆ. 2023ರಲ್ಲಿ ಭಾರತಕ್ಕೆ ಬಂದ ಐದು ಬಾಗಿಲಿನದೂ ಅದೇ ಕುಟುಂಬ.

ಹೊಸ ಗಾಡಿಯಲ್ಲಿ ನಡುಕ ಬಂದರೆ ಮೊದಲು ಬ್ಯಾಲೆನ್ಸಿಂಗ್ ಮಾಡಿಸಿ. ಬಹಳಷ್ಟು ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಕಿಂಗ್ ಪಿನ್ ಬಿಗಿ ನೋಡಲು ಹೇಳಿ. ಗೊತ್ತಿರುವವರು ಟೈ ರಾಡ್ ಬಿಚ್ಚಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ಎಷ್ಟು ಬಲಕ್ಕೆ ಚಕ್ರ ತಿರುಗಲು ಶುರುವಾಗುತ್ತದೆ ಅಂತ ಅಳೆಯುತ್ತಾರೆ. ಶಿಮ್ (ತೆಳು ಲೋಹದ ಬಿಲ್ಲೆ) ಹೆಚ್ಚು ಕಡಿಮೆ ಮಾಡಿ ಸರಿಪಡಿಸುತ್ತಾರೆ. ಅಂದಾಜಿನಲ್ಲಿ ಮಾಡುವ ಕೆಲಸ ಅಲ್ಲ.

ಲಿಫ್ಟ್ ಕಿಟ್, ದೊಡ್ಡ ಟೈರ್ ಹಾಕಿಸಿದ ಮೇಲೆ ಸ್ಟೇರಿಂಗ್ ಕೆಟ್ಟಿತು. ಯಾಕೆ?

ಕೈ ಬಿಟ್ಟು ಸೈಕಲ್ ಹೊಡೆದಿದ್ದೀರಾ? ಸೈಕಲ್ ನೇರ ಹೋಗಲು ಮುಂದಿನ ಫೋರ್ಕಿನ ಓರೆ ನೆರವಾಗುತ್ತದೆ. ಗಾಡಿಯಲ್ಲಿ ಅದೇ ಓರೆಯನ್ನು ಕಾಸ್ಟರ್ ಅನ್ನುತ್ತಾರೆ. ಸ್ಟೇರಿಂಗ್ ತಾನಾಗಿ ನಡುವಿಗೆ ವಾಪಸ್ ಬರುವುದು ಅದರಿಂದ. ಸ್ಪ್ರಿಂಗ್ ಉದ್ದ ಮಾಡಿ ಗಾಡಿ ಎತ್ತಿದರೆ, ಆಕ್ಸಲನ್ನು ಹಿಡಿದ ಆರ್ಮುಗಳು ಕೆಳಗೆ ಬಾಗಿ ಆಕ್ಸಲ್ ಮುಂದಕ್ಕೆ ಹೊರಳುತ್ತದೆ. ಎರಡು ಇಂಚು ಎತ್ತಿದರೂ ಒಂದೆರಡು ಡಿಗ್ರಿ ಕಾಸ್ಟರ್ ಹೋಗಬಹುದು. ಇರುವುದೇ ಕೆಲವು ಡಿಗ್ರಿ. ಗಾಡಿ ಆಗ ಎಲ್ಲಿಗೆ ತಿರುಗಿಸಿದರೆ ಅಲ್ಲೇ ನಿಲ್ಲುತ್ತದೆ, ಹೈವೇಯಲ್ಲಿ ಅಲೆಯುತ್ತದೆ.

ಇನ್ನೊಂದು, ಟ್ರ್ಯಾಕ್ ಬಾರಿನ ಉದ್ದ ಅಷ್ಟೇ ಇರುವುದರಿಂದ ಇಡೀ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಟ್ರ್ಯಾಕ್ ಬಾರ್ ಮತ್ತು ಡ್ರ್ಯಾಗ್ ಲಿಂಕ್ ಒಂದಕ್ಕೊಂದು ಸಮಾನಾಂತರ ಇರಬೇಕು. ಕೆಲವರು ಡ್ರಾಪ್ ಆರ್ಮ್ ಮಾತ್ರ ಉದ್ದದ್ದು ಹಾಕಿ ಟ್ರ್ಯಾಕ್ ಬಾರ್ ಹಾಗೇ ಬಿಡುತ್ತಾರೆ. ಆಮೇಲೆ ರಸ್ತೆಯ ಪ್ರತಿ ಉಬ್ಬಿಗೂ ಸ್ಟೇರಿಂಗ್ ತಾನಾಗಿ ತಿರುಗುತ್ತದೆ.

ಸ್ಪ್ರಿಂಗಿನ ಜೊತೆಗೆ ಕಾಸ್ಟರ್ ಸರಿಮಾಡುವ ಬುಷ್ ಅಥವಾ ಆರ್ಮ್, ಉದ್ದ ಬದಲಿಸಬಹುದಾದ ಟ್ರ್ಯಾಕ್ ಬಾರ್, ಆಮೇಲೆ ಅಲೈನ್‌ಮೆಂಟ್ ಪ್ರಿಂಟ್. ಇಷ್ಟಕ್ಕೆ ದುಡ್ಡಿಲ್ಲದಿದ್ದರೆ ಲಿಫ್ಟ್ ಮುಂದೂಡಿ ಅಂತಲೇ ನನ್ನ ಸಲಹೆ. ವಾರಂಟಿ ವಿಷಯ ಬರಹದಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಗಾಡಿ ನೇರ ಹೋಗುತ್ತದೆ, ಸ್ಟೇರಿಂಗ್ ಮಾತ್ರ ಸೊಟ್ಟ. ಬಿಟ್ಟರೆ ನಡೆಯುತ್ತಾ?

ಬಿಡಬೇಡಿ. ಈಗಿನ ಗಾಡಿಗಳಲ್ಲಿ ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ನೋಡುವ ಸೆನ್ಸರ್ ಇದೆ. ಸೊಟ್ಟ ಇದ್ದರೆ ನೀವು ತಿರುವಿನಲ್ಲಿದ್ದೀರಿ ಅಂತ ಕಂಪ್ಯೂಟರ್ ತಿಳಿಯುತ್ತದೆ. ಇಎಸ್‌ಪಿ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ) ಲೈಟ್ ಹತ್ತಬಹುದು, ಬೇಡದ ಹೊತ್ತಿಗೆ ಬ್ರೇಕ್ ಹಿಡಿಯಬಹುದು. ಡ್ರ್ಯಾಗ್ ಲಿಂಕಿನ ಮೇಲಿರುವ ಉದ್ದ ಹೊಂದಿಸುವ ಕೊಳವೆಯನ್ನು ತಿರುಗಿಸಿದರೆ ಸರಿಯಾಗುತ್ತದೆ, ಹದಿನೈದು ನಿಮಿಷದ ಕೆಲಸ. ಸ್ಟೇರಿಂಗ್ ವೀಲನ್ನೇ ಬಿಚ್ಚಿ ತಿರುಗಿಸಿ ಹಾಕುವವರಿದ್ದಾರೆ, ಒಪ್ಪಬೇಡಿ.

ಗ್ರೆನೇಡಿಯರ್ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ ಅಂತ ದುಬೈಯಲ್ಲಿರುವ ತಮ್ಮ ಹೇಳುತ್ತಾನೆ. ಹಾಳಾಗಿದೆಯಾ?

ಹಾಳಾಗಿಲ್ಲ. ಆ ಗಾಡಿಯ ಸ್ವಭಾವವೇ ಹಾಗೆ. ಫ್ರಾನ್ಸಿನ ಹಾಂಬಾಕ್‌ನಲ್ಲಿ 2022ರಲ್ಲಿ ತಯಾರಿ ಶುರುವಾದಾಗಿನಿಂದ ಓಡಿಸಿ ನೋಡಿದವರು ಇದನ್ನೇ ಹೇಳುತ್ತಾ ಬಂದರು. ತಿರುವು ಮುಗಿದ ಮೇಲೆ ಕೈಯಿಂದಲೇ ಸ್ಟೇರಿಂಗ್ ವಾಪಸ್ ತರಬೇಕು. ಎರಡೂ ಕಡೆಗೆ ಒಂದೇ ಸಮ ಇದ್ದರೆ ಚಿಂತೆ ಬೇಡ.

ಷೋರೂಮಿನವರು ಎಲ್ಲ ಗಾಡಿಯೂ ಹೀಗೇ ಅಂತಾರೆ. ಏನು ಮಾಡಲಿ?

ಬಾಯಿಮಾತು ಬಿಡಿ, ಜಾಬ್ ಕಾರ್ಡಿನಲ್ಲಿ ಬರೆಸಿ. ಸ್ಟೇರಿಂಗ್ ಸರಿಯಿಲ್ಲ ಅಂತಷ್ಟೇ ಬರೆದರೆ ಪ್ರಯೋಜನವಿಲ್ಲ. ಯಾವ ವೇಗದಲ್ಲಿ, ಎಂಥ ರಸ್ತೆಯಲ್ಲಿ, ಎಷ್ಟು ಕಿಲೋಮೀಟರ್ ಓಡಿದಾಗ, ಎಷ್ಟನೇ ಸಲ ಅಂತ ಬರೆಸಿ. ಮೆಕ್ಯಾನಿಕ್ ಅನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ರಸ್ತೆಗೆ ಹೋಗಿ. ಅವರದ್ದೇ ಇನ್ನೊಂದು ಹೊಸ ಗಾಡಿ ಓಡಿಸಿ ಹೋಲಿಸಲು ಕೇಳಿ, ಇದರಿಂದ ಬಹಳ ಜಗಳ ತಪ್ಪುತ್ತದೆ. ಫೋನ್ ಕಟ್ಟಿ ವಿಡಿಯೋ ತೆಗೆಯಿರಿ. ಓಡಿಸುವವರು ತೆಗೆಯುವುದು ಬೇಡ.

ಆಗಲೂ ಸರಿಹೋಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಗಾಡಿಗೆ ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗ, ಅದಕ್ಕಿಂತ ಜಾಸ್ತಿಯಾಗಿ 2 ಕೋಟಿಯೊಳಗಿದ್ದರೆ ರಾಜ್ಯ ಆಯೋಗ. ಎರಡು ವರ್ಷದೊಳಗೆ ದೂರು ಹಾಕಬೇಕು. ಒಂದೇ ದೋಷ ಬಹಳ ಗಾಡಿಗಳಲ್ಲಿದ್ದರೆ ವಾಪಸ್ ಕರೆಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಲ್ಲಿ ಕೇಂದ್ರ ಸರ್ಕಾರಕ್ಕೆ ಇದೆ. ಹಾಗಾಗಿ ಪ್ರತಿಯೊಬ್ಬರ ದೂರೂ ಲೆಕ್ಕಕ್ಕೆ ಬರುತ್ತದೆ. ಅಮೆರಿಕದಲ್ಲಿರುವವರು ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಚಾಸಿ ನಂಬರ್ ಹಾಕಿ ರೀಕಾಲ್ ನೋಡಬಹುದು, ಅಲ್ಲೇ ದೂರೂ ಕೊಡಬಹುದು.

ಆಫ್‌ರೋಡ್ ಹೋಗಿ ಬಂದ ಮೇಲೆ ಸ್ಟೇರಿಂಗ್ ನಡುಗುತ್ತಿದೆ. ಏನೋ ಮುರಿಯಿತಾ?

ಮೊದಲು ಚಕ್ರದ ಒಳಗಡೆ ಕೈ ಹಾಕಿ ನೋಡಿ. ಮಲೆನಾಡಿನ ಕೆಂಪು ಮಣ್ಣು ರಿಮ್ಮಿನ ಒಳಗೆ ಹೆಂಟೆಯಾಗಿ ಒಣಗಿ ಕೂತಿರುತ್ತದೆ. ಒಂದು ಹಿಡಿ ಮಣ್ಣು ಸಾಕು ಬ್ಯಾಲೆನ್ಸ್ ಕೆಡಿಸಲು. ನೀರು ಹಾಕಿ ಕೋಲಿನಿಂದ ಕೆರೆದು ತೊಳೆಯಿರಿ, ಹೊರಗಿನಿಂದ ಮಾತ್ರ ತೊಳೆದರೆ ಹೋಗುವುದಿಲ್ಲ. ಕಾಡಿನಲ್ಲಿ ಇಳಿಸಿದ ಗಾಳಿಯನ್ನು ವಾಪಸ್ ತುಂಬಿದ್ದೀರಾ ನೋಡಿ.

ಆಮೇಲೆ ಬೋಲ್ಟುಗಳು. ನಾನು ಮಾಡುವುದು ಹೀಗೆ. ಟಾರ್ಕ್ ಮಾಡಿದ ಪ್ರತಿ ಬೋಲ್ಟಿನ ಮೇಲೆ, ತಲೆಯಿಂದ ಬ್ರ್ಯಾಕೆಟ್ಟಿನವರೆಗೆ, ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆಯುತ್ತೇನೆ. ಬಿಸಿಲೆ ಘಾಟಿಯಿಂದ ಬಂದ ಮರುದಿನ ಟಾರ್ಚ್ ಹಿಡಿದು ಮಲಗಿ ಗೆರೆ ನೇರ ಇದೆಯಾ ಅಂತ ನೋಡುತ್ತೇನೆ. ಹೋದ ಮಳೆಗಾಲದಲ್ಲಿ ಟ್ರ್ಯಾಕ್ ಬಾರ್ ಬೋಲ್ಟಿನ ಗೆರೆ ಕೂದಲೆಳೆಯಷ್ಟು ಸರಿದಿತ್ತು. ಅಲ್ಲೇ ಬಿಗಿ ಮಾಡಿ, ಹಳೆ ಗೆರೆ ಒರೆಸಿ, ಹೊಸದು ಎಳೆದೆ.